ಸಾಕಾಗುವಷ್ಟು

ಮೂವತ್ತೆಂಟು ವರ್ಷ ನಾನು ಮಾಂತೊವಾದ
ತೂಕ-ಅಳತೆ ಕಚೇರಿಯಲ್ಲಿದ್ದೆ.
ಕಟುಕನ ತಕ್ಕಡಿ ತಟ್ಟೆಯಡಿ ಅಂಟಿಸಿದ ಮೇಣ,
ಚೀಸ್ ಮಾರುವವಳ ಹೆಬ್ಬೆರಳಿನ ಭಾರ,
ಒಳಗೆ ಕೊರೆದು ಟೊಳ್ಳು ಮಾಡಿದ ಅರ್ಧ ಕಿಲೋ ಬಟ್ಟು,
ಎಲ್ಲ ಹಿಡಿದಿದ್ದೇನೆ. ದಂಡ ಬರೆದಿದ್ದೇನೆ.
ಫುಲ್ಜೆಂಜಿಯೊ ರೆಬೆಕ್ಕಿ ಬಂದ ಅಂದರೆ
ಈರುಳ್ಳಿ ಕೂಡ ಸಿಪ್ಪೆ ಬಿಗಿದುಕೊಳ್ಳುತ್ತದೆ
ಎನ್ನುತ್ತಿದ್ದರಂತೆ ಸಂತೆಯಲ್ಲಿ.

ಅಂಥವನಿಗೆ ಈ ಹುಚ್ಚು ಹಿಡಿದದ್ದು
ಒಂದು ಮಂಜಿನ ಭಾನುವಾರ.
ಹಳೆ ಸಾಮಾನಿನ ರಾಶಿಯಲ್ಲಿ ಛತ್ರಿಯ ಹಿಡಿ ಹುಡುಕುತ್ತಿದ್ದೆ,
ಕೈಗೆ ಹತ್ತಿದ್ದು ರಟ್ಟು ಕಿತ್ತ ಅಡುಗೆ ಪುಸ್ತಕ.
ಬರೆದವರ ಹೆಸರು ಹರಿದುಹೋಗಿತ್ತು.
ತೆರೆದೆ. ಹಿಟ್ಟು: ಸಾಕಾಗುವಷ್ಟು.
ಬೆಣ್ಣೆ: ಸಾಕಾಗುವಷ್ಟು.
ಉಪ್ಪು, ಅದನ್ನಂತೂ ಬಿಡಿ.
ಇದೆಂಥ ಲೆಕ್ಕ! ಯಾರಿಗೆ ಸಾಕು? ಎಷ್ಟಕ್ಕೆ ಸಾಕು?
ಸಿಟ್ಟಿಗೇ ಕೊಂಡೆ, ಎರಡು ಯೂರೋ ಕೊಟ್ಟು,
ಸಾಕ್ಷಿಗಿರಲಿ ಎಂದು.

ಸಾಕ್ಷಿಗಳು ಈಗ ಮುನ್ನೂರ ಹನ್ನೊಂದು.
ಹಾಸಿಗೆಯ ಅರ್ಧ ಅವುಗಳದ್ದೇ.
ಪಿಯೆಮೊಂತೆಯ ಸನ್ಯಾಸಿನಿಯರು ಕೈಯಲ್ಲಿ ಹೊಲಿದದ್ದು,
ಪುಲ್ಯದ ರೈಲ್ವೆ ನೌಕರರ ಹೆಂಡಂದಿರು
ವಂತಿಗೆ ಎತ್ತಿ ಅಚ್ಚು ಹಾಕಿಸಿದ್ದು,
ಒಲೆ ಮಾರುವ ಕಂಪನಿ ಪುಕ್ಕಟೆ ಹಂಚಿದ್ದು.
ಒಂದರ ಬೆನ್ನಿನ ಹೊಲಿಗೆಯಲ್ಲಿ ಇನ್ನೂ ಹಿಟ್ಟಿದೆ,
ಬಿಡಿಸಿದಾಗಲೆಲ್ಲ ಮಡಿಲಿಗೆ ಚೂರು ಉದುರುತ್ತದೆ.
ಬೆಣ್ಣೆ ಕುಡಿದ ಪುಟವನ್ನು ದೀಪಕ್ಕೆ ಹಿಡಿದರೆ ಕಿಟಕಿ.
ಮನೆಯವರಿಗೆ ಯಾವುದು ಅಚ್ಚುಮೆಚ್ಚು ಎಂದು ಕಲೆಯೇ ಹೇಳುತ್ತದೆ;
ಚೊಕ್ಕಟ ಪುಟವೆಂದರೆ ಯಾರೂ ಕರೆಯದ ಅತಿಥಿ.
ರಾತ್ರಿ ಎರಡರವರೆಗೆ ಓದುತ್ತೇನೆ,
ಪತ್ತೇದಾರಿ ಕಾದಂಬರಿ ಓದುವವರ ಹಾಗೆ.
ಊಟ? ಕೆಳಗಿನ ಬೀದಿಯ ಕ್ಯಾಂಟೀನಿನಲ್ಲಿ.
ನನ್ನ ಒಲೆ ಹತ್ತುವುದು ಕಾಫಿಗೆ ಮಾತ್ರ.

ಆದರೂ ಆ ಮೊದಲನೆಯದಕ್ಕೇ ಮರಳುತ್ತೇನೆ.
ಪುಟ ಎಂಬತ್ತನಾಲ್ಕು: ಸಿಹಿಗುಂಬಳದ ತೊರ್ತೆಲ್ಲಿ.
ಅಲ್ಲಿ ಮಾತ್ರ ಅಚ್ಚಿನಲ್ಲೊಂದು ಅಂಕಿ. ಮೊಟ್ಟೆ: ಆರು.
ಅದನ್ನು ಹೊಡೆದು, ಪೆನ್ಸಿಲಿನಲ್ಲಿ: ಮೂರು.
ಮೂರನ್ನು ಹೊಡೆದು: ಒಂದು. ಪಕ್ಕದಲ್ಲಿ ಇಸವಿ, ನಲವತ್ತಮೂರು.
ಆ ಒಂದನ್ನೂ ಹೊಡೆದು: ಬಿಸಿನೀರು.
ಜಾಯಿಕಾಯಿಯ ಎದುರು: ವಾಸನೆ ನೆನೆಸಿಕೋ.
ಬೆಣ್ಣೆಯ ಎದುರು ಬರೀ ಒಂದು ಗೆರೆ.
ಆಮೇಲೆ ನೀಲಿ ಶಾಯಿ, ಅದೇ ಕೈ, ಅಕ್ಷರ ದುಂಡಗಾಗಿದೆ:
ಆರು! ಕೆಳಗೆ ಎರಡು ಗೆರೆ, ಕಾಗದ ಹರಿಯುವಷ್ಟು ಒತ್ತಿ.
ಕೊನೆಗೆ ಬೇರೆ ಯಾರೋ, ಬಾಲ್ ಪೆನ್ನಿನಲ್ಲಿ:
ಡಾಕ್ಟರು ಬೇಡ ಅಂದಿದ್ದಾರೆ, ಅಮ್ಮನಿಗೆ ನಾಲ್ಕು ಸಾಕು.

ಸಾಕು.
ಜೀವಮಾನವೆಲ್ಲ ಕಡಿಮೆ ತೂಗಿದವರನ್ನು ಹಿಡಿದವನು
ಆ ಬಿಸಿನೀರಿಗೆ ಯಾರ ಮೇಲೆ ದಂಡ ಹಾಕಲಿ?

ಕಳೆದ ನವೆಂಬರಿನಲ್ಲಿ ಒಂದು ಕುಂಬಳ ತಂದೆ,
ಗಂಟುಗಂಟು ಸಿಪ್ಪೆಯದು, ಎರಡು ಕಿಲೋ ನೂರನಲವತ್ತು.
ಪಕ್ಕದ ಮನೆಯ ಇಯೋಲೆ, ಬಸ್ಸು ಓಡಿಸಿ ನಿವೃತ್ತಳಾದವಳು,
ಬಾಗಿಲಿಗೆ ಒರಗಿ ನೋಡುತ್ತ ನಿಂತಳು.
"ಕಣಕಕ್ಕೆ ಒಂದು ಚಿಟಿಕೆ ಉಪ್ಪು ಹಾಕಿ."
ಚಿಟಿಕೆ ಅಂದರೆ?
"ಚಿಟಿಕೆ ಅಂದರೆ ಚಿಟಿಕೆ."
ಬೀರುವಿನಿಂದ ಮಖಮಲ್ಲಿನ ಪೆಟ್ಟಿಗೆ ತೆಗೆದೆ,
ಹಿತ್ತಾಳೆಯ ಬಟ್ಟುಗಳು, ಔಷಧಿಯಂಗಡಿಯ ಪುಟ್ಟ ತಕ್ಕಡಿ.
ಅವಳ ಚಿಟಿಕೆ: ಒಂದು ಗ್ರಾಂ, ಮೇಲೆ ನಾಲ್ಕು ಹರಳು.
ನನ್ನದು ಅರ್ಧ ಗ್ರಾಮೂ ಇಲ್ಲ.
"ನಿಮ್ಮದು ಕೈ ಬಿಗಿ" ಅಂದಳು, ನಗದೆ.

ಕುದಿಯುವ ನೀರಿನಲ್ಲಿ ತೊರ್ತೆಲ್ಲಿ ಬಾಯಿ ಬಿಟ್ಟವು,
ಒಂದಲ್ಲ, ಹೆಚ್ಚುಕಡಿಮೆ ಎಲ್ಲವೂ.
ಅರ್ಧ ಹೂರಣ ನೀರುಪಾಲು.
ಸೋಸಿ ತಿಂದೆವು. ಅವಳು ಬ್ರೆಡ್ಡಿನ ತುದಿಯಿಂದ
ತಟ್ಟೆ ಒರೆಸಿ, ಬಸ್ಸಿನ ವೇಳೆಯಾಯಿತು ಎಂಬಂತೆ ಎದ್ದುಹೋದಳು.

ಎಂಬತ್ತನಾಲ್ಕನೆಯ ಪುಟದ ಅಂಚಿನಲ್ಲಿ
ಬೆರಳಗಲ ಜಾಗ ಉಳಿದಿತ್ತು.
ಪೆನ್ಸಿಲ್ ಚೂಪು ಮಾಡಿ ಕೂತೆ,
ರಿಜಿಸ್ಟರು ತುಂಬುವಾಗ ಕೂರುತ್ತಿದ್ದ ಹಾಗೆ ನೆಟ್ಟಗೆ.
ಬಹಳ ಹೊತ್ತಾದ ಮೇಲೆ ಬರೆದೆ:
ಉಪ್ಪು, ಇಯೋಲೆಯ ಕೈಯಲ್ಲಿ ಒಂದು.